ವೋಲ್ಟೇಜಿಗೆ ಉಬ್ಬಿದ ಅಕ್ಷರಗಳು

“ಈ ಸಲದ ಫ್ಲೆಕ್ಸು ನಾನೇ ಮಾಡಾಂವ!”

ವೀರಭದ್ರ ಹೀಗೆಂದು ಘೋಷಿಸಿದಾಗ ಅವನ ಹೆಂಡತಿ ಪ್ರೇಮಲಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ಅಲ್ಲೇ ನಿಂತಿತು. ಗಂಡ ‘ನಾನೇ ಮಾಡಾಂವ’ ಎಂದಾಗಲೆಲ್ಲ ತಾಂಡೂರಿನ ಆ ಮನೆಯಲ್ಲಿ ಏನಾದರೊಂದು ಸತ್ಯಾನಾಶವಾಗಿದೆ. ನಾನೇ ಮಾಡಾಂವ ಎಂದು ಮಿಕ್ಸರ್ ಬಿಚ್ಚಿದ. ಅದೀಗ ಉಪ್ಪಿನ ಡಬ್ಬಿ ಇಡುವ ಸ್ಟ್ಯಾಂಡು. ನಾನೇ ಮಾಡಾಂವ ಎಂದು ಮಾಳಿಗೆ ಮೇಲಿನ ಟಾಕಿಗೆ ನಲ್ಲಿ ಕೂರಿಸಿದ; ಅಂದಿನಿಂದ ಪಕ್ಕದ ಮನೆಯವರಿಗೆ ತಮ್ಮ ತುಳಸಿ ಗಿಡಕ್ಕೆ ನೀರು ಹಾಕುವ ಕೆಲಸವೇ ಉಳಿದಿಲ್ಲ!

“ಯಾಕ್ರಿ, ಅಂಗಡ್ಯಾಗ ಮಾಡಸಿದ್ರ ಏನಾಗ್ತದ?” ಎಂದು ಪ್ರೇಮಲಾ ಮೆತ್ತಗೆ ಕೇಳಿದಳು.

“ಅಂಗಡ್ಯಾಗ ಮಾಡಸಿದ್ದಕ್ಕೇ ಕಾಕಾ ಊಟ ಬಿಟ್ಟು ಎದ್ದು ಹೋಗ್ಯಾರ! ಮರತಿ ಏನು?”

ಮರೆಯುವ ಮಾತೇ ಅಲ್ಲ. ಹಿರಿಯ ಮಗಳ ಲಗ್ನದಲ್ಲಿ ಕಲ್ಯಾಣಮಂಟಪದ ಬಾಗಿಲಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ‘ಸ್ವಾಗತ ಕೋರುವವರು’ ಎಂದು ಮನೆತನದ ಹಿರಿಯರ ಹೆಸರುಗಳಿದ್ದವು. ವೀರಭದ್ರನ ಅಪ್ಪನ ತಮ್ಮ, ಕಾಕಾ ವೈಜಿನಾಥಪ್ಪನವರ ಹೆಸರೂ ಇತ್ತು, ಇಲ್ಲವೆಂದಲ್ಲ. ಆದರೆ ಕೆಳಗೆ ಅಡುಗೆಯವನ ಫೋನ್ ನಂಬರು ಕಾಕಾನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಮೆರೆಯುತ್ತಿತ್ತು! ಕಾಕಾ ಅದನ್ನು ಮೊದಲು ನೋಡಿರಲಿಲ್ಲ. ಪಂಕ್ತಿಯಲ್ಲಿ ಕುಳಿತ ಮೇಲೆ ಯಾರೋ ಪುಣ್ಯಾತ್ಮರು ಕಿವಿಯಲ್ಲಿ ಊದಿದರು. ಹೋಳಿಗೆ ಇನ್ನೂ ಎರಡು ಎಲೆ ಆಚೆಗಿತ್ತು. ಕಾಕಾ ಎದ್ದು ನಿಂತು ಟವೆಲ್ ಕೊಡವಿದರು.

“ನನಗಿಂತ ಅಡಗಿಯವ ದೊಡ್ಡಾಂವ? ಹಂಗಿದ್ರ ಅವನ ಕೈಲೇ ಅಕ್ಕಿಕಾಳು ಹಾಕಸ್ರಿ!”

ಅಂದು ತಮ್ಮೂರು ಜಹೀರಾಬಾದಿಗೆ ಹೋದವರು ಮತ್ತೆ ಈ ಮನೆಯ ಹೊಸ್ತಿಲು ತುಳಿದಿಲ್ಲ. ಈಗ ಕಿರಿಯ ಮಗಳು ಭುವನೇಶ್ವರಿಯ ಲಗ್ನ. ವೀರಭದ್ರನ ಅಪ್ಪ ಇಲ್ಲ. ಆ ಜಾಗದಲ್ಲಿ ನಿಂತು ಮೊದಲ ಅಕ್ಕಿಕಾಳು, ಅಂದರೆ ಅಕ್ಷತೆ, ಹಾಕಬೇಕಾದವರು ಕಾಕಾನೇ. ವೀರಭದ್ರನ ತಾಯಿ ಸುಗಲಾಬಾಯಿಗೆ ಇದೊಂದೇ ಚಿಂತೆ. ಮೈದುನ ಬಾರದೆ ಮೊಮ್ಮಗಳ ಮೇಲೆ ಅಕ್ಕಿಕಾಳು ಬಿದ್ದರೆ ಅದು ತನ್ನ ಗಂಡನಿಗೇ ಅಪಮಾನವೆಂದು ಆಕೆ ಊಟದ ತಟ್ಟೆ ಮುಂದಿಟ್ಟುಕೊಂಡು ಕಣ್ಣೀರು ಹಾಕಿದ್ದಳು. ಅವಳೇ ಫೋನು ಮಾಡಿ ಗೋಗರೆದದ್ದಕ್ಕೆ ಕಾಕಾ ಕಡೆಗೂ ಒಪ್ಪಿದ್ದರು. ಒಪ್ಪಿಗೆಗೊಂದು ಷರತ್ತಿತ್ತು.

“ಬರ್ತೀನಿ ವೈನಿ. ಗೇಟಿನ ತನಕ ಬರ್ತೀನಿ. ಬೋರ್ಡ್ ನೋಡ್ತೀನಿ. ಆಮ್ಯಾಲ ಒಳಗ ಬರೂದೋ ಹೊಳ್ಳಿ ಹೋಗೂದೋ, ಅಲ್ಲೇ ಹೇಳ್ತೀನಿ!”

ಅದಕ್ಕೇ ವೀರಭದ್ರನ ಮಹಾಸಂಕಲ್ಪ! ಎಲ್ಲರ ಹೆಸರೂ ಒಂದೇ ಅಳತೆ! ಹಿರಿಯರಿಲ್ಲ ಕಿರಿಯರಿಲ್ಲ, ಬೀಗರಿಲ್ಲ ಭಾವಂದಿರಿಲ್ಲ, ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ! ಶರಣರು ಮನುಷ್ಯರಲ್ಲಿ ತರಲು ಹೆಣಗಿದ ಸಮಾನತೆಯನ್ನು ವೀರಭದ್ರ ಅಕ್ಷರಗಳಲ್ಲಿ ತಂದೇ ತೀರುವುದೆಂದು ಸೊಂಟ ಕಟ್ಟಿದ.

ಸೊಂಟಕ್ಕೆ ಅವನು ನಿಜವಾಗಿ ಕಟ್ಟಿದ್ದು ಸ್ಟೀಲಿನ ಟೇಪು. ವೀರಭದ್ರನದು ಫರಸಿಯ ವ್ಯಾಪಾರ. ತಾಂಡೂರಿನ ನೆಲದಿಂದ ತೆಗೆದ ನೀಲಿಗಲ್ಲನ್ನು ಕೊಯ್ದು, ಪಾಲಿಶ್ ಮಾಡಿ, ಊರೂರಿನ ಮನೆಗಳಿಗೆ ನೆಲ ಹಾಸಿಕೊಡುವುದು. ಹುಡುಗನಾಗಿದ್ದಾಗ ಈ ಕಾಕಾನೇ ಅವನ ಕೈಗೆ ಟೇಪು ಕೊಟ್ಟು, “ಮಂದಿ ಮಾತು ಕೇಳಬ್ಯಾಡ, ಟೇಪಿನ ಮಾತು ಕೇಳು,” ಎಂದು ಉಪದೇಶ ಮಾಡಿದ್ದು. ಅಂದಿನಿಂದ ವೀರಭದ್ರನಿಗೆ ಅದೇ ಗುರುಮಂತ್ರ. ಅಳೆಯದೆ ಅವನು ಏನನ್ನೂ ನಂಬುವವನಲ್ಲ. ಭುವನೇಶ್ವರಿಗೆ ವರ ನೋಡಲು ಹೋದಾಗ ಹುಡುಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದನ್ನು ಗುರುತಿಟ್ಟುಕೊಂಡು, ಆತ ಚಹಾ ತರಲು ಒಳಗೆ ಹೋದದ್ದೇ ತಡ, ಚೌಕಟ್ಟಿಗೆ ಟೇಪು ಹಿಡಿದು ಎತ್ತರ ಖಾತ್ರಿ ಮಾಡಿಕೊಂಡು ಬಂದಿದ್ದ! ಬೀಗರು ನೋಡಿದರೆಂದು ಪ್ರೇಮಲಾ ಇವತ್ತಿಗೂ ನಾಚುತ್ತಾಳೆ.

ತಾಂಡೂರಿನ ಫ್ಲೆಕ್ಸ್ ಅಂಗಡಿಗಳಲ್ಲಿ ತೆಲುಗು, ಉರ್ದು ಬೇಕಾದಷ್ಟು ಸಿಗುತ್ತದೆ. ಕನ್ನಡ ಮಾತ್ರ ನಾವೇ ಹೊಡೆದು ಕೊಡಬೇಕು. ಭುವನೇಶ್ವರಿ ಕಾಲೇಜಿಗೆ ಹೋಗುವಾಗ ಕೊಂಡ ಕಂಪ್ಯೂಟರು ನಡುಮನೆಯಲ್ಲಿತ್ತು. ವೀರಭದ್ರ ಅದರ ಮುಂದೆ ಕುಳಿತು ತೋರುಬೆರಳೊಂದರಿಂದಲೇ ಕನ್ನಡ ಹೊಡೆಯಬಲ್ಲ. ವೇಗ ಎಷ್ಟೆಂದರೆ, ‘ವೈಜಿನಾಥಪ್ಪ’ ಮುಗಿಯುವುದರೊಳಗೆ ಒಂದು ಚಹಾ ಕುದಿಯುತ್ತದೆ, ಸೋಸಿಯೂ ಆಗುತ್ತದೆ.

ಕೂರುವ ಮುಂಚೆ ಮನೆಗೆಲ್ಲ ಕೇಳುವಂತೆ ಫರ್ಮಾನು ಹೊರಟಿತು. “ಲಗ್ನ ಮುಗಿಯೂತನಕ ಈ ಕಂಪ್ಯೂಟರಿಗಿ ನನ್ನ ಬಿಟ್ಟು ಯಾರೂ ಕೈ ಹಚ್ಚಬಾರದು! ಹೇಳೀನಿ!”

“ಆತಪಾ,” ಎಂದಳು ಸುಗಲಾಬಾಯಿ.

“ಆತ್ರಿ,” ಎಂದಳು ಪ್ರೇಮಲಾ.

ಇಬ್ಬರೂ ಇಷ್ಟು ಸಲೀಸಾಗಿ ಒಪ್ಪಿದಾಗಲೇ ಅವನಿಗೆ ಸಂಶಯ ಬರಬೇಕಿತ್ತು.

ಭುವನೇಶ್ವರಿ ಬಶೀರಾಬಾದಿನ ಶಾಲೆಯಲ್ಲಿ ಟೀಚರು. ಸಂಜೆ ಬಸ್ಸಿಳಿದು ಬಂದವಳು ಅಪ್ಪ ಪರದೆಗೆ ಟೇಪು ಹಿಡಿದು ಕುಳಿತಿರುವುದನ್ನು ಕಂಡು ಹೌಹಾರಿದಳು.

“ಅಪ್ಪಾ, ಇದೇನ್ ಮಾಡ್ಲತ್ತಿ?”

“ಅಕ್ಷರ ಅಳೀಲತ್ತೀನಿ. ಒಂದೊಂದು ಹೆಸರೂ ಬರೋಬ್ಬರಿ ಒಂದು ಇಂಚು ಎತ್ತರ. ಇಲ್ಲಿ ಒಂದು ಇಂಚು ಅಂದ್ರ ಫ್ಲೆಕ್ಸಿನ್ಯಾಗ ಒಂದು ಫೂಟು. ನಮ್ಮ ಮನಿ ನಕ್ಷಾ ಇರ್ತದಲ್ಲ, ಹಂಗ!”

“ಅಯ್ಯ, ಟೇಪು ಯಾಕ? ಮ್ಯಾಲ ಫಾಂಟ್ ಸೈಜ್ ಅಂತ ಅಂಕಿ ಅದ ನೋಡು. ಎಲ್ಲಾರಿಗೂ ಒಂದೇ ಅಂಕಿ ಇಟ್ರ ಆತು. ನಾ ಮಾಡಿ ಕೊಡ್ತೀನಿ, ಜರಾ ಅತ್ತಾಗ ಸರಿ.”

“ಮದುಮಗಳು ತನ್ನ ಲಗ್ನದ ಬೋರ್ಡ್ ತಾನೇ ಮಾಡ್ಕೊಂಡ್ರ ಮಂದಿ ಏನಂದಾರು? ಇಜ್ಜತ್ ಇಲ್ಲೇನು? ಮತ್ತ ಅಂಕಿ ಅನ್ನೂದು ಮಷೀನು ಹೇಳೋ ಮಾತು. ಟೇಪು ಅನ್ನೂದು ಕಣ್ಣಿಗಿ ಕಾಣೂದು. ನೀ ಕಲಸೂದು ಶಾಲ್ಯಾಗ ಕಲಸವ್ವ, ನನಗ ಬ್ಯಾಡ!”

ಭುವನೇಶ್ವರಿ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಮೂರ್ಖನ ಮುಂದೆ ಮಾತು ಸಲ್ಲದು ಎಂದುಕೊಂಡಳೋ ಏನೋ, ಅಪ್ಪನೆಂದು ಬಾಯಿಬಿಟ್ಟು ಅನ್ನಲಿಲ್ಲ.

ವೀರಭದ್ರನ ಕೆಲಸದ ಪದ್ಧತಿಯೂ ಫರಸಿಯದೇ. ಒಂದೊಂದು ಕಲ್ಲನ್ನೂ ಬೇರೆ ಬೇರೆ ಕೊಯ್ದು, ಅಳೆದು, ಅಂಚು ತಿದ್ದಿಟ್ಟು, ಕಡೆಗೆ ಜಾಗಕ್ಕೆ ಒಯ್ದು ಜೋಡಿಸುವುದು. ಹಾಗೆಯೇ ಒಂದೊಂದು ಹೆಸರೂ ಒಂದೊಂದು ಬೇರೆ ಫೈಲು. ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿ ಆತ್ಮಾರಾಮನ ಫ್ಲೆಕ್ಸ್ ಅಂಗಡಿಗೆ ಒಯ್ದರೆ ಅವನು ಒಂದರ ಕೆಳಗೊಂದು ಜೋಡಿಸಿ ಮುದ್ರಿಸುತ್ತಾನೆ. ಒಂದೇ ಹಾಳೆಯಲ್ಲಿ ಎಲ್ಲ ಬರೆದರೆ ಒಂದು ತಿದ್ದಲು ಹೋಗಿ ಇನ್ನೊಂದು ಜರುಗುತ್ತದೆ ಎಂಬುದು ಅವನ ತರ್ಕ.

ಅಂದು ಸಂಜೆ ಅಳೆದದ್ದು ಬರೀ ತಾಲೀಮು; ಅಸಲು ಮೊದಲ ಕಲ್ಲು ಕಾಕಾನದು. ಒಳ್ಳೆಯ ಮುಹೂರ್ತ ನೋಡಿ, ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತ. ಪರದೆ ಹೊತ್ತಿಕೊಂಡಿತು. ನೋಡುತ್ತಾನೆ, ಚಿತ್ರಗಳೆಲ್ಲ ಹೋಳಿಗೆ ಉಬ್ಬಿದ ಹಾಗೆ ಉಬ್ಬಿ ನಿಂತಿವೆ! ನಿನ್ನೆ ಕಡಲೆಕಾಳಿನಷ್ಟಿದ್ದದ್ದು ಇವತ್ತು ನಿಂಬೆಹಣ್ಣಾಗಿದೆ!

ವೀರಭದ್ರ ಒಂದು ಗಳಿಗೆ ಯೋಚಿಸಿದ. ಕಲ್ಲು ಕೊಯ್ಯುವ ಮಷೀನಿನ ಜೊತೆ ಆಯುಷ್ಯ ಕಳೆದವನಿಗೆ ಉತ್ತರ ಹೊಳೆಯಲು ತಡವಾಗಲಿಲ್ಲ.

“ವೋಲ್ಟೇಜ್!” ಎಂದು ಕೂಗಿದ. “ಪ್ರೇಮಲಾ, ಇವತ್ತ ವೋಲ್ಟೇಜ್ ಹೆಚ್ಚು ಬಂದದ ನೋಡು! ಅಕ್ಷರ ಉಬ್ಬ್ಯಾವ!”

ಪ್ರೇಮಲಾ ಮೂಲೆಯಲ್ಲಿ ಜಪ ಮಾಡುತ್ತಿದ್ದ ಅತ್ತೆಯ ಕಡೆ ನೋಡಿದಳು. ಸುಗಲಾಬಾಯಿ ಕಣ್ಣು ಬಿಗಿಯಾಗಿ ಮುಚ್ಚಿದಳು.

ಅಸಲು ಕತೆ ಹೀಗಿತ್ತು. ಮಗ ಕಲ್ಲಿನ ಅಡ್ಡೆಗೆ ಹೋದ ಮೇಲೆ ಸುಗಲಾಬಾಯಿ ಕಂಪ್ಯೂಟರಿನಲ್ಲಿ ಪ್ರವಚನ ನೋಡುವುದು ನಿತ್ಯದ ನೇಮ. ಅವಳ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಹೋದ ಶ್ರಾವಣದಲ್ಲಿ ಮೊಮ್ಮಗಳೇ ಗುಟ್ಟು ಹೇಳಿಕೊಟ್ಟಿದ್ದಳು: ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತು, ಡಿಸ್‌ಪ್ಲೇ ಅಂತ ಇದ್ದಲ್ಲಿ ಹೋಗು, ರೆಸಲ್ಯೂಶನ್ ಅನ್ನೋ ಅಂಕಿ ಕೆಳಗೆ ಎಳಿ. ಅಂಕಿ ಸಣ್ಣದಾದಷ್ಟೂ ಪರದೆಯ ಮೇಲಿನದೆಲ್ಲ ದೊಡ್ಡದು. “ಈ ಮಷೀನಿಂದು ಉಲ್ಟಾ ನ್ಯಾಯ,” ಎನ್ನುತ್ತಿದ್ದಳು ಸುಗಲಾಬಾಯಿ. ಕಡೆಯಲ್ಲಿ ಮಷೀನು ‘ಹೀಗೇ ಇಟ್ಟುಕೊಳ್ಳಲಾ?’ ಎಂದು ಕೇಳುತ್ತದೆ. ಅವಳಿಗೆ ಅದು ಬಲು ಮೆಚ್ಚುಗೆ. “ಮಗ ಒಂದಿನ ಕೇಳಿಲ್ಲ, ಇದು ದಿನಾ ಕೇಳ್ತದ,” ಎಂದು ಹೌದಿನ ಗುಂಡಿ ಒತ್ತುತ್ತಿದ್ದಳು. ಫರ್ಮಾನು ಹೊರಟ ಮರುದಿನವೂ ಒತ್ತಿದ್ದಳು. ಫರ್ಮಾನು ಮಗನದು, ಪ್ರವಚನ ಸ್ವಾಮಿಗಳದು. ಯಾರದು ದೊಡ್ಡದೆಂದು ಅವಳಿಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ.

ವೀರಭದ್ರ ಉಬ್ಬಿದ ಪರದೆಯ ಮೇಲೆ ಕಾಕಾನ ಹೆಸರು ಹೊಡೆದ. ಟೇಪು ಹಿಡಿದ. ದೊಡ್ಡದಾಗಿತ್ತು. ಇಳಿಸಿದ. ಮತ್ತೆ ಹಿಡಿದ. ಮತ್ತೆ ಇಳಿಸಿದ. ಪರದೆ ತಾನಾಗಿಯೇ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತಿರುವಾಗ ಒಂದು ಇಂಚಿಗೆ ಅಕ್ಷರವನ್ನು ಎಷ್ಟು ಸಣ್ಣದು ಮಾಡಬೇಕೋ ಅಷ್ಟು ಸಣ್ಣದು ಮಾಡಿ, ಬರೋಬ್ಬರಿ ಇಂಚಿಗೆ ತಂದು ನಿಲ್ಲಿಸಿ, “ವೋಲ್ಟೇಜ್ ಎಷ್ಟರ ಇರಲಿ, ಟೇಪು ಟೇಪೇ!” ಎಂದು ತೊಡೆ ತಟ್ಟಿಕೊಂಡ.

ಅದಾದ ಮೇಲೆ ಅಡ್ಡೆಯಿಂದ ಫೋನು ಬಂತು, ಹೋದ. ಮಧ್ಯಾಹ್ನ ಪ್ರೇಮಲಾ ಕುಪ್ಪಸದ ಹೊಸ ನಮೂನೆ ನೋಡಲು ಕುಳಿತಳು. ಅತ್ತೆಯ ಪರದೆಯಲ್ಲಿ ಬೆನ್ನಿನ ಗೊಂಡೆ ಕಂಡರೆ ತೋಳು ಕಾಣುತ್ತಿರಲಿಲ್ಲ, ತೋಳು ಕಂಡರೆ ಗೊಂಡೆ ಮಾಯ. ಅಂಕಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ತನಗೆ ಬೇಕಾದಷ್ಟಕ್ಕೆ ತಂದುಕೊಂಡಳು. ಸಂಜೆ ವೀರಭದ್ರ ಬಂದು, “ವೋಲ್ಟೇಜ್ ಜರಾ ಇಳದದ,” ಎನ್ನುತ್ತ ತನ್ನ ತಮ್ಮ ಉಮಾಕಾಂತನ ಹೆಸರನ್ನು ಒಂದು ಇಂಚಿಗೆ ಕೂರಿಸಿದ.

ರವಿವಾರ ಭುವನೇಶ್ವರಿ ಶಾಲೆಯ ಪ್ರಶ್ನೆಪತ್ರಿಕೆ ಮಾಡಲು ಕುಳಿತಳು. “ಯಾರರ ಇದನ್ನ ಬದ್ಲಿ ಮಾಡ್ಲತ್ತೀರಿ? ಅಜ್ಜೀ, ನೀನಾ?”

“ನಾ ಯಾಕವ್ವ? ನಿಮ್ಮಪ್ಪ ವೋಲ್ಟೇಜ್ ಅಂತಾನ,” ಎಂದಳು ಸುಗಲಾಬಾಯಿ.

ಭುವನೇಶ್ವರಿ ನಕ್ಕು, ಪರದೆಗೆ ಸಲ್ಲುವ ಸರಿಯಾದ ಅಂಕಿಗೆ ಅದನ್ನು ತಂದಿಟ್ಟಳು. ಎಲ್ಲವೂ ಸೂಕ್ಷ್ಮವಾಗಿ, ಸಣ್ಣದಾಗಿ, ಚೊಕ್ಕವಾಗಿ ಕಾಣತೊಡಗಿತು. ವೀರಭದ್ರ ಬಂದು ನೋಡಿ, “ಇವತ್ತ ಪೂರಾ ಲೋ ವೋಲ್ಟೇಜ್!” ಎಂದು ನಿಟ್ಟುಸಿರು ಬಿಟ್ಟ. ಅಂದು ಸರದಿ ನಾರಾಯಣಖೇಡದ ಲಿಂಗರಾಜನದು, ಅಂದರೆ ಪ್ರೇಮಲಾಳ ಅಣ್ಣನದು. ಆ ಸಣ್ಣ ಪರದೆಯಲ್ಲಿ ಲಿಂಗರಾಜನನ್ನು ಒಂದು ಇಂಚಿಗೆ ಎತ್ತುವುದರೊಳಗೆ ವೀರಭದ್ರನಿಗೆ ಬೆವರು ಬಂತು. ಏರಿಸಿದ, ಏರಿಸಿದ, ಏರಿಸುತ್ತಲೇ ಹೋದ! ಅದೇ ಹುರುಪಿನಲ್ಲಿ ‘ಹಾಗೂ ಬಂಧು ಮಿತ್ರರು’ ಎಂಬುದನ್ನೂ ಎತ್ತಿ ನಿಲ್ಲಿಸಿದ.

ಪ್ರೇಮಲಾ ಚಹಾ ತಂದಿಟ್ಟು ಕೇಳಿದಳು, “ಎಲ್ಲಾರದೂ ಆತೇನ್ರಿ?”

“ನಂದೊಂದು ಅದ. ಫರಸಿ ಹಾಕಾಂವ ತಾ ನಿಂತ ಜಾಗಾದ ಕಲ್ಲು ಕಡೀಕ್ ಹಾಕ್ತಾನ. ಅದು ಪದ್ಧತಿ.”

ಆಗಲೇ ಅಡ್ಡೆಯಲ್ಲಿ ಲಾರಿ ಬಂದು ನಿಂತಿದೆಯೆಂದು ಕರೆ ಬಂತು. ಚಹಾ ಅರ್ಧಕ್ಕೆ ಬಿಟ್ಟು, ಪೆನ್‌ಡ್ರೈವು ಜೇಬಿಗಿಳಿಸಿ ಓಡಿದ. ಹೋಗುವ ದಾರಿಯಲ್ಲೇ ಆತ್ಮಾರಾಮನ ಕೈಗೆ ಅದನ್ನು ಒಪ್ಪಿಸಿ, ಒಂದಕ್ಕೊಂದು ಹೆಚ್ಚುಕಡಿಮೆ ಮಾಡದೆ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಹಿಗ್ಗಿಸಬೇಕೆಂದು ತಾಕೀತು ಮಾಡಿದ.

ಆತ್ಮಾರಾಮ ಸಂಜೆ ಫೋನು ಮಾಡಿದ. “ಸಾವ್ಕಾರ್ರ, ಜೋಡಸ್ಲತ್ತೀನಿ. ಈ ಹೆಸರುಗೋಳು ಜರಾ ಹೆಚ್ಚುಕಡಿಮಿ—”

“ಹೆಚ್ಚುಕಡಿಮಿ ಮಾತೇ ಇಲ್ಲ! ನನ್ನ ಕೈಯ್ಯಾರೆ ಟೇಪು ಹಿಡದು ಅಳದೀನಿ. ನೀ ಒಂದು ನೂಲು ಜರುಗಸಿದ್ರೂ ನನಗ ಗೊತ್ತಾಗ್ತದ!”

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. “ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ, ಒಂದು ಹೆಸರು—”

“ಒಂದೂ ಕೂಡಸಬ್ಯಾಡ, ಒಂದೂ ತೆಗೀಬ್ಯಾಡ! ಇದ್ದದ್ದು ಇದ್ದಂಗ ಹೊಡಿ!”

“ಆತ್ರಿ,” ಎಂದ ಆತ್ಮಾರಾಮ. ಆಮೇಲೆ ಅವನು ಫೋನು ಮಾಡಲಿಲ್ಲ. ತಿಳಿದವನು ಎಷ್ಟು ಸಲ ಮರ್ಯಾದೆ ಕಳೆದುಕೊಂಡಾನು!

ಲಗ್ನದ ದಿನ ಬಂತು. ಫ್ಲೆಕ್ಸು ಸುರುಳಿಯಾಗಿಯೇ ಮಂಟಪಕ್ಕೆ ಬಂದು, ಒಳಗೆ ಅರಿಶಿನದ ಗದ್ದಲ ನಡೆದಿರುವಾಗ ಹೊರಗೆ ಗೇಟಿಗೆ ಏರಿತು. ವೀರಭದ್ರನಿಗೆ ನೋಡಲು ಪುರುಸೊತ್ತಿಲ್ಲ. ನೋಡುವ ಅಗತ್ಯವೂ ಕಾಣಲಿಲ್ಲ, ಅಳೆದವನಿಗೆ ಅಂಜಿಕೆಯೆ? ಒಂದೇ ಒಂದು ವಿಷಯ ಮಾತ್ರ ಅವನಿಗೆ ವಿಚಿತ್ರವೆನಿಸಿತು. ಭಾವ ಲಿಂಗರಾಜ ಬೆಳಗಿನಿಂದ ಕಂಡಕಂಡಲ್ಲಿ ಅವನನ್ನು ತಬ್ಬಿಕೊಳ್ಳುತ್ತಿದ್ದ.

“ಭಾವಾ, ನೀವು ನನ್ನ ಮ್ಯಾಲ ಇಷ್ಟು ಪ್ರೀತಿ ಇಟ್ಟೀರಿ ಅಂತ ಗೊತ್ತೇ ಇರಲಿಲ್ರಿ!” ಎನ್ನುತ್ತಿದ್ದ. ಕಣ್ಣಂಚಿನಲ್ಲಿ ನೀರು ಬೇರೆ. ಮತ್ತೆ ಫೋನು ಹಿಡಿದು ಗೇಟಿಗೆ ಓಡುತ್ತಿದ್ದ, ಸೆಲ್ಫಿ ತೆಗೆದುಕೊಳ್ಳಲು.

“ಕಾಕಾ ಬಂದ್ರು!” ಎಂದು ಯಾರೋ ಕೂಗಿದರು.

ವೀರಭದ್ರ ರುಮಾಲು ಸರಿಮಾಡಿಕೊಂಡು ಎದುರುಗೊಳ್ಳಲು ಓಡಿದ. ಹಿಂದೆಯೇ ಪ್ರೇಮಲಾ ತಂಬಿಗೆ ಹಿಡಿದು, ಸುಗಲಾಬಾಯಿ ಸೊಂಟ ಹಿಡಿದು. ಜಹೀರಾಬಾದಿನ ಕಾರು ಗೇಟಿನ ಮುಂದೆ ನಿಂತಿತ್ತು. ಕಾಕಾ ಇಳಿದಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಮೀಸೆ. ಕೈಕಟ್ಟಿ ನಿಂತು ತಲೆಯೆತ್ತಿ ನೋಡುತ್ತಿದ್ದರು. ವೀರಭದ್ರನೂ ಹೊರಳಿ ನೋಡಿದ.

ರುಮಾಲಿನ ಮೇಲಿದ್ದ ಕೈ ಸೀದಾ ಸೊಂಟದ ಟೇಪಿಗೆ ಹೋಯಿತು.

ಕೆಂಪು ಫ್ಲೆಕ್ಸಿನ ತುಂಬ ‘ಲಿಂಗರಾಜ’ ಎಂಬ ಹೆಸರು ಆನೆಯಂತೆ ನಿಂತಿತ್ತು. ಅದರ ಕೆಳಗೆ ‘ಹಾಗೂ ಬಂಧು ಮಿತ್ರರು’ ಅಷ್ಟೇ ಗಾತ್ರದಲ್ಲಿ, ಬಸ್ಸಿನ ಕಿಟಕಿಯಿಂದಲೇ ಓದುವಂತೆ. ಉಮಾಕಾಂತ ಅವರ ಮುಂದೆ ಹೈಸ್ಕೂಲು ಹುಡುಗ. ಎಲ್ಲರಿಗಿಂತ ಮೇಲೆ, ಒಂದು ಸಾಲಿನಲ್ಲಿ, ಯಾರೋ ಸಾಸಿವೆ ಚೆಲ್ಲಿ ಹೋದ ಹಾಗೆ ಏನೋ ಇತ್ತು. ಅದೇ ವೈಜಿನಾಥಪ್ಪ!

ಬ್ಯಾಂಡಿನವರಿಗೆ ಏನನ್ನಿಸಿತೋ, ಊದುವುದನ್ನು ತಾವಾಗಿಯೇ ನಿಲ್ಲಿಸಿದರು.

“ಭದ್ರ್ಯಾ,” ಎಂದರು ಕಾಕಾ. ದನಿ ಏರಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. “ಮೊನ್ನೆ ಕಣ್ಣಿನ ಮೋತಿಬಿಂದು ತೆಗಸೀನಿ. ಈಗ ಇರಿವಿ ಮೀಸಿ ಸುದ್ದಾ ಕಾಣ್ತದ ನನಗ. ಅದಕ್ಕೇ ನನ್ನ ಹೆಸರೂ ಕಾಣ್ತು.”

“ಕಾಕಾ, ದೇವರಾಣಿ ಮಾಡಿ ಹೇಳ್ತೀನಿ! ಒಂದೊಂದೂ ಟೇಪು ಹಿಡದು ಅಳದೀನಿ! ಎಲ್ಲಾ ಒಂದು ಇಂಚು!”

“ಟೇಪು ಸುಳ್ಳು ಹೇಳಂಗಿಲ್ಲ,” ಎಂದರು ಕಾಕಾ. “ನಾನೇ ಕಲಿಸೀನಿ ನಿನಗ. ಹಂಗಿದ್ರ ಸುಳ್ಳು ಹೇಳಾಂವ ನೀನೇ.”

ಗದ್ದಲ ಕೇಳಿ ಬಾಸಿಂಗ ಕಟ್ಟಿದ ಮದುಮಗಳೇ ಹೊರಗೆ ಓಡಿಬಂದಳು. ಫ್ಲೆಕ್ಸು ನೋಡಿದಳು, ಅಪ್ಪನ ಸೊಂಟದ ಟೇಪು ನೋಡಿದಳು, ಅವಳಿಗೆ ಎಲ್ಲ ತಿಳಿದುಹೋಯಿತು.

“ಅಪ್ಪಾ! ಯಾವ ಸ್ಕ್ರೀನಿನ ಮ್ಯಾಲ ಅಳದಿ?”

“ಮನ್ಯಾಗ ಇರೂದೇ ಒಂದಲ್ಲ!”

“ಸ್ಕ್ರೀನ್ ಒಂದೇ. ಅಜ್ಜಿ ಕೂತ್ರ ಅಕ್ಷರ ದೊಡ್ಡವಾಗ್ತಾವ, ಅವ್ವ ಕೂತ್ರ ನಡತರ, ನಾ ಕೂತ್ರ ಸಣ್ಣವು! ಬ್ಯಾರೆ ಬ್ಯಾರೆ ದಿನ ಅಳದ್ರ ಎಲ್ಲಿ ಒಂದಾಗ್ತಾವ?”

“ಅಂದ್ರ…” ವೀರಭದ್ರ ತಾಯಿಯ ಕಡೆ ಹೊರಳಿದ. “ಅಂದ್ರ ಅದು ವೋಲ್ಟೇಜ್ ಅಲ್ಲೇನು?”

ಪ್ರೇಮಲಾ ಸೆರಗಿನ ತುದಿಯ ಎಳೆ ನೋಡತೊಡಗಿದಳು. ಸುಗಲಾಬಾಯಿ ಆಕಾಶ ನೋಡಿದಳು. ಗೇಟಿನ ಮುಂದೆ ಸೇರಿದ್ದ ಮಂದಿಯಲ್ಲಿ ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರಿಗೆ ತಡೆಯಲಾಗಲಿಲ್ಲ. ‘ವೋಲ್ಟೇಜ್, ವೋಲ್ಟೇಜ್’ ಎಂದು ಗುಸುಗುಸು ಹಬ್ಬಿ, ಬ್ಯಾಂಡಿನ ಡೋಲಿನವನೂ ನಗತೊಡಗಿದ.

ಕಾಕಾ ಮಾತ್ರ ನಗಲಿಲ್ಲ. ಹೊರಳಿ ಕಾರಿನ ಬಾಗಿಲಿಗೆ ಕೈ ಹಾಕಿದರು.

ಸುಗಲಾಬಾಯಿಗೆ ಇನ್ನು ತಡೆಯಲಾಗಲಿಲ್ಲ. ಎಲ್ಲರ ಮುಂದೆ ಮೈದುನನ ಹಾದಿಗೆ ಅಡ್ಡ ನಿಂತಳು. “ವೈಜಿನಾಥಪ್ಪ, ತಪ್ಪು ನಂದದ. ಅಂವ ಬ್ಯಾಡಂದ್ರೂ ಕದ್ದು ಪ್ರವಚನ ನೋಡ್ದೆ. ನನ್ನ ಕಣ್ಣಿಗಿ ದೊಡ್ಡದು ಕಾಣ್ಲಿ ಅಂತ ಮಾಡಿದ್ದು ನಿಮ್ಮ ಹೆಸರಿಗಿ ಸಣ್ಣದಾಗಿ ಕುಂತದ. ಬಯ್ಯೂದಿದ್ರ ನನಗ ಬಯ್ರಿ. ನಿಮ್ಮಣ್ಣ ಇದ್ದಿದ್ರ ನಿಮ್ಮನ್ನ ಹೀಂಗ ಹೋಗಾಕ ಬಿಡ್ತಿದ್ರೇನು?”

ಕಾಕಾನ ಕೈ ಬಾಗಿಲ ಮೇಲೆಯೇ ಉಳಿಯಿತು. ಅಣ್ಣನ ಮಾತು ಬಂದೊಡನೆ ಮುಖ ಸ್ವಲ್ಪ ಮೆತ್ತಗಾಯಿತು. ಆದರೆ ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಸಿಟ್ಟನ್ನು ಒಂದೇ ಸಲಕ್ಕೆ ಇಳಿಸಲು ಯಾರಿಗಾದರೂ ಕಷ್ಟವೇ. ಏನಾದರೊಂದು ನೆವ ಬೇಕು.

“ನಿಮ್ಮ ತಪ್ಪಲ್ಲ ವೈನಿ,” ಎಂದರು. “ಇಂವಂದು ನಿಯತ್ತು ನೋಡಬೇಕಾಗ್ಯದ. ನಂದು ಸಾಸಿವಿ, ಭಾವಂದು ಆನಿ. ಇನ್ನ ಇಂವ ತನ್ನ ಹೆಸರು ಎಷ್ಟು ದೊಡ್ಡದು ಹೊಡಕೊಂಡಾನ, ಅದು ನೋಡಿ ಆಮ್ಯಾಲ ಮಾತಾಡ್ತೀನಿ!”

ಹೊರಳಿ ಬಂದು ಫ್ಲೆಕ್ಸಿನ ಹತ್ತಿರ ನಿಂತರು. ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿದರು. ಕೆಳಗಿನಿಂದ ಮೇಲಕ್ಕೆ ಬಂದರು. ಮೂಲೆ ನೋಡಿದರು. ಹಿಂದಿರುಗಿ, “ಎಲ್ಲದ?” ಎಂದರು.

“ಏನ್ರಿ ಕಾಕಾ?”

“ನಿನ್ನ ಹೆಸರೋ! ವೀರಭದ್ರ ಅನ್ನೂದು ಎಲ್ಲದ?”

ವೀರಭದ್ರ ನೋಡಿದ. ಪ್ರೇಮಲಾ ನೋಡಿದಳು. ಲಿಂಗರಾಜ ತನ್ನ ಸೆಲ್ಫಿಗಳನ್ನು ಹಿಗ್ಗಿಸಿ ಹಿಗ್ಗಿಸಿ ಅದರಲ್ಲೂ ಹುಡುಕಿದ. ಇರಲಿಲ್ಲ. ಮದುಮಗಳ ಅಪ್ಪ, ಮದುವೆಯ ಯಜಮಾನ, ಅಕ್ಷರ ಸಮಾನತೆಯ ಹರಿಕಾರ, ತನ್ನ ಮಗಳ ಲಗ್ನದ ಸ್ವಾಗತ ಫಲಕದಲ್ಲಿ ಯಾವ ಮೂಲೆಯಲ್ಲೂ ಇರಲಿಲ್ಲ! ಲಾರಿ ಬಂತೆಂದು ಎದ್ದವನು ತನ್ನ ಹೆಸರು ಹೊಡೆಯುವುದನ್ನೇ ಮರೆತಿದ್ದ. ಆತ್ಮಾರಾಮ ಎರಡನೇ ಸಲ ಫೋನು ಮಾಡಿದ್ದು ಯಾಕೆಂದು ಈಗ ಹೊಳೆಯಿತು.

ಕಾಕಾನ ಮೀಸೆ ಅದುರಿತು. ಸಿಟ್ಟಿಗೇ ಅದುರುತ್ತಿದೆಯೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮೀಸೆ ಮತ್ತೆ ಅದುರಿತು, ಭುಜ ಕುಣಿಯಿತು, ಹೊಟ್ಟೆ ಕುಣಿಯಿತು. ಕಾಕಾ ಕಾರಿಗೆ ಒರಗಿ ಪೊರೆ ತೆಗೆಸಿದ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕುಬಿಟ್ಟರು!

“ಫರಸಿ ಹಾಕಾಂವ ತಾ ನಿಂತ ಜಾಗಾದ ಕಲ್ಲು ಕಡೀಕ್ ಹಾಕಬೇಕು ಅಂತ ನಾನೇ ಹೇಳಿದ್ದೆ. ಈ ಮಗಾ ಅದನ್ನ ಹಾಕೂದೇ ಮರತಾನ! ಏ ಭದ್ರ್ಯಾ, ನಂದು ಸಣ್ಣದರ ಅದ. ನಿಂದು ಇಲ್ಲೇ ಇಲ್ಲಲ್ಲೋ!”

ನಗುತ್ತಲೇ ಸೊಂಟದಿಂದ ಎಲೆ ಅಡಿಕೆಯ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದರು. ಬೆರಳಿಗೆ ಸುಣ್ಣ ಹಚ್ಚಿಕೊಂಡು, ಪಕ್ಕದಲ್ಲಿದ್ದ ಕುರ್ಚಿ ಹತ್ತಿ, ತಮ್ಮ ಹೆಸರಿನ ಪಕ್ಕದ ಖಾಲಿ ಕೆಂಪಿನ ಮೇಲೆ ‘ವೀರಭದ್ರ’ ಎಂದು ಬರೆದರು. ಬರೆದು ಕೈ ಚಾಚಿದರು. “ಟೇಪು ಕೊಡು ಇಲ್ಲಿ.”

ವೀರಭದ್ರ ಸೊಂಟದ ಟೇಪು ಬಿಚ್ಚಿ ಕೊಟ್ಟ. ಕಾಕಾ ಮೊದಲು ತಮ್ಮ ಹೆಸರು ಅಳೆದರು, ಆಮೇಲೆ ಅವನದು. ಅವನ ಹೆಸರಿನ ನೆತ್ತಿಯನ್ನು ಬೆರಳಿನಿಂದ ಸ್ವಲ್ಪ ಒರೆಸಿ ಮತ್ತೆ ಅಳೆದರು.

“ಈಗ ಬರೋಬ್ಬರಿ ಆತು. ನಂದಕ್ಕಿಂತ ಒಂದು ನೂಲು ಸಣ್ಣದು. ಇದು ಮನ್ಯಾಗಿನ ಮರ್ಯಾದಿ!” ಎಂದು ಕುರ್ಚಿಯಿಂದ ಇಳಿದು ಟೇಪನ್ನು ತಮ್ಮ ಜೇಬಿಗೇ ಹಾಕಿಕೊಂಡರು. “ನಡೀರಿ ವೈನಿ, ಮುಹೂರ್ತ ಆತು. ಹುಡಿಗಿ ಮ್ಯಾಲ ಅಕ್ಕಿಕಾಳು ಹಾಕಿ ಈ ಸಲ ಹೋಳಿಗಿ ತಿಂದೇ ಏಳ್ತೀನಿ.”

ಬ್ಯಾಂಡು ಮತ್ತೆ ಶುರುವಾಯಿತು. ಸುಗಲಾಬಾಯಿ ಕಣ್ಣೊರೆಸಿಕೊಳ್ಳುತ್ತ ಮೈದುನನ ಮುಂದೆ ನಡೆದಳು. ಎಲ್ಲರೂ ಒಳಗೆ ಹೋದ ಮೇಲೆ ವೀರಭದ್ರ ಖಾಲಿ ಸೊಂಟ ಮುಟ್ಟಿಕೊಳ್ಳುತ್ತ, ಸುಣ್ಣದಲ್ಲಿ ಬರೆದ ತನ್ನ ಹೆಸರಿನ ಮುಂದೆ ಒಬ್ಬನೇ ನಿಂತಿದ್ದ. ಪ್ರೇಮಲಾ ತಂಬಿಗೆ ಹಿಡಿದು ಪಕ್ಕಕ್ಕೆ ಬಂದಳು.

“ಏನ್ರಿ,” ಎಂದಳು ಮೆತ್ತಗೆ, “ಈಗ ವೋಲ್ಟೇಜ್ ಹ್ಯಾಂಗದ?”

“ಪೂರಾ ಡೌನ್ ಅದ,” ಎಂದ ವೀರಭದ್ರ.